ಹೆಬ್ಬಾಳದ ಸಾಲು ಯಾಕೆ ಕರಗುವುದಿಲ್ಲ: ಲೇನ್, ಸಿಗ್ನಲ್, ಕಾಮಗಾರಿಯ ಲೆಕ್ಕ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ನಿಂತ ಗಾಡಿಗಳನ್ನು ಕಂಡವರೆಲ್ಲ ಹೇಳುವುದು ಒಂದೇ ಮಾತು: ರಸ್ತೆ ಅಗಲ ಮಾಡಬೇಕು. ಆದರೆ ಇಲ್ಲಿ ಹಾದುಹೋಗುವ ಬಳ್ಳಾರಿ ರಸ್ತೆ ಅಗಲ ಆಗಿ ಎಷ್ಟೋ ವರ್ಷವಾಯಿತು. ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಆಮೇಲೆ ಮೇಲ್ರಸ್ತೆ ಬಂತು, ಆರು ಲೇನ್ ಬಂತು, ಪಕ್ಕದಲ್ಲಿ ಸರ್ವೀಸ್ ರಸ್ತೆ ಬಂತು. ಹೆಬ್ಬಾಳದ ಹಳೇ ಫ್ಲೈಓವರ್ ಮಾತ್ರ ಏರ್‌ಪೋರ್ಟ್ ಬರುವುದಕ್ಕೆ ಮುಂಚಿನ ಕಾಲದ್ದು. ಊರಿನ ಕಡೆಗೆ ಹೋಗುವ ಹಳೇ ಸೇತುವೆಯಲ್ಲಿ ಇದ್ದದ್ದು ಎರಡೇ ಲೇನ್. ಏರ್‌ಪೋರ್ಟ್ ಕಡೆಯ ಮುಖ್ಯ ರಸ್ತೆ, ಅದರ ಸರ್ವೀಸ್ ರಸ್ತೆ, ಹೊರವರ್ತುಲ ರಸ್ತೆಯಿಂದ ಬರುವ ರ‍್ಯಾಂಪ್ ಎಲ್ಲವೂ ಅಲ್ಲಿಗೇ ಬಂದು ಬೀಳುತ್ತಿದ್ದವು. ಬಿಂದಿಗೆಯ ಹೊಟ್ಟೆ ಎಷ್ಟು ದೊಡ್ಡದಾದರೂ ನೀರು ಬೀಳುವುದು ಕಂಠದ ಅಳತೆಗೆ.

ಇದನ್ನು ಲೆಕ್ಕ ಹಾಕಿಯೇ ನೋಡಬೇಕು, ಯಾಕೆಂದರೆ ಬರೀ ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಸಿಗ್ನಲ್ ಇಲ್ಲದ, ಸರಾಗವಾಗಿ ಓಡುವ ಒಂದು ಲೇನ್‌ನಲ್ಲಿ ಗಂಟೆಗೆ ಸುಮಾರು 1800 ಕಾರು ಹೋಗಬಹುದು ಅಂತ ಇಟ್ಟುಕೊಳ್ಳಿ. ಅಂದರೆ ಎರಡು ಸೆಕೆಂಡಿಗೆ ಒಂದು ಕಾರು. ಎರಡು ಲೇನ್‌ಗೆ 3600. ಬೆಳಗಿನ ಒಂದು ಗಂಟೆಯಲ್ಲಿ ಮೂರು ಲೇನ್ ತುಂಬಿಕೊಂಡು 4500 ಕಾರು ಬಂದವು ಅನ್ನಿ. ಗಂಟೆ ಮುಗಿಯುವಾಗ 900 ಕಾರು ಹಿಂದೆ ಉಳಿದಿರುತ್ತವೆ. ನಿಂತ ಸಾಲಿನಲ್ಲಿ ಒಂದು ಕಾರಿಗೆ, ಮುಂದಿನ ಖಾಲಿ ಜಾಗವೂ ಸೇರಿ, 7 ಮೀಟರ್ ಬೇಕು. 900 ಕಾರಿಗೆ 6300 ಮೀಟರ್. ಮೂರು ಲೇನ್‌ಗೆ ಹಂಚಿದರೆ 2.1 ಕಿಲೋಮೀಟರ್ ಸಾಲು. ಆಮೇಲಿನ ಗಂಟೆಗಳಲ್ಲಿ ಬರುವ ಗಾಡಿ 3000ಕ್ಕೆ ಇಳಿದರೂ ಸಾಲು ಕರಗುವುದು ಗಂಟೆಗೆ 600ರಂತೆ ಮಾತ್ರ. ಒಂದು ಗಂಟೆಯ ನೂಕುನುಗ್ಗಲಿನ ಸಾಲು ಪೂರ್ತಿ ಕರಗಲು ಮತ್ತೆ ಒಂದೂವರೆ ಗಂಟೆ ಬೇಕು. ಹತ್ತೂವರೆಗೆ ಹೊರಟರೂ ಸಿಕ್ಕಿಹಾಕಿಕೊಳ್ಳುವುದು ಇದಕ್ಕೇ.

ಈಗ ಸೇತುವೆಯ ಹಿಂದಿರುವ ರಸ್ತೆಯನ್ನು ನಾಲ್ಕು ಲೇನ್ ಮಾಡಿದೆವು ಅಂದುಕೊಳ್ಳಿ. ಸಾಲು 2.1 ಕಿಲೋಮೀಟರ್‌ನಿಂದ 1.6ಕ್ಕೆ ಇಳಿಯುತ್ತದೆ. ಆದರೆ ಕೊನೆಯ ಕಾರಿನವರು ಕಾಯುವ ಹೊತ್ತು? 900 ಕಾರು, ಗಂಟೆಗೆ 3600ರಂತೆ: ಆಗಲೂ 15 ನಿಮಿಷ, ಈಗಲೂ 15 ನಿಮಿಷ. ಉದ್ದದ ಸಾಲು ಅಗಲದ ಸಾಲಾಯಿತು, ಅಷ್ಟೆ. ಸಾಲಿನ ಬಾಲ ಹಿಂದಿನ ಜಂಕ್ಷನ್‌ಗೆ ಅಡ್ಡ ನಿಲ್ಲುತ್ತಿದ್ದರೆ ಅಲ್ಲಿಯವರಿಗೆ ಅಷ್ಟರಮಟ್ಟಿಗೆ ಅನುಕೂಲ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೋಟಿಗಟ್ಟಲೆ ಸುರಿದ ಮೇಲೂ ಮನೆಯಿಂದ ಆಫೀಸಿಗೆ ಹೋಗುವ ಸಮಯ ಒಂದು ನಿಮಿಷವೂ ಕಡಿಮೆ ಆಗುವುದಿಲ್ಲ.

ಇನ್ನೂ ಕೆಟ್ಟದ್ದು ಒಂದಿದೆ. ಸಾಲು ಒಮ್ಮೆ ಕಟ್ಟಿಕೊಂಡ ಮೇಲೆ ಕಿರಿದಾದ ಜಾಗ ತನ್ನ ಪೂರ್ತಿ ಸಾಮರ್ಥ್ಯವನ್ನೂ ಕೊಡುವುದಿಲ್ಲ. ನಿಂತು ಹೊರಡುವ ಗಾಡಿಗಳ ನಡುವೆ ಅಂತರ ಬೀಳುತ್ತದೆ, ಪಕ್ಕದವರು ತೂರಿಬರುತ್ತಾರೆ, ಬ್ರೇಕ್ ಬೀಳುತ್ತದೆ, ಆ ಬ್ರೇಕ್ ಹಿಂದಕ್ಕೆ ಹಿಂದಕ್ಕೆ ಅಲೆಯಾಗಿ ಹೋಗುತ್ತದೆ. ಲೇನ್‌ಗಳು ಒಂದಕ್ಕೊಂದು ಸೇರುವ, ಅಂದರೆ ಮರ್ಜ್ ಆಗುವ ಜಾಗಗಳಲ್ಲಿ ಹೀಗೆ ಶೇ 5ರಿಂದ 15ರವರೆಗೂ ಸಾಮರ್ಥ್ಯ ಸೋರಿಹೋಗುತ್ತದೆ ಎಂಬುದು ಟ್ರಾಫಿಕ್ ಎಂಜಿನಿಯರಿಂಗ್‌ನಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಶೇ 10 ಎಂದೇ ಹಿಡಿಯಿರಿ. 3600 ಇದ್ದದ್ದು 3240 ಆಯಿತು. ಹಿಂದೆ ಉಳಿಯುವುದು 900 ಅಲ್ಲ, 1260. ಕರಗುವ ವೇಗ ಗಂಟೆಗೆ 600 ಅಲ್ಲ, 240. ಒಂದೂವರೆ ಗಂಟೆಯಲ್ಲಿ ಮುಗಿಯಬೇಕಿದ್ದದ್ದು ಐದು ಗಂಟೆ ಮೀರಿತು. ಹತ್ತರಲ್ಲಿ ಒಂದು ಪಾಲು ಸೋರಿದ್ದಕ್ಕೆ ತೆತ್ತದ್ದು ಮೂರೂವರೆ ಪಟ್ಟು. ಮರ್ಜ್ ಜಾಗವನ್ನು ಚೊಕ್ಕವಾಗಿ ಇಟ್ಟುಕೊಳ್ಳುವುದರ ಬೆಲೆ ಇಷ್ಟು, ಮತ್ತು ನಮ್ಮ ಊರುಗಳಲ್ಲಿ ಯಾರೂ ತಲೆ ಕೆಡಿಸಿಕೊಳ್ಳದ ಕೆಲಸವೂ ಇದೇ.

ಒಂದು ಲೇನ್ ಮುಗಿಯುವ ಆ ಕೊನೆಯ ಮೂವತ್ತು ಮೀಟರ್ ಅನ್ನು ಗಮನಿಸಿ ನೋಡಿ. ಬಿಳಿ ಗೆರೆ ಅಳಿಸಿ ತಿಂಗಳುಗಳೇ ಆಗಿರುತ್ತವೆ. ಕಾಂಕ್ರೀಟ್ ತಡೆಯ ಬುಡದಲ್ಲಿ ಒಂದಡಿ ಅಗಲಕ್ಕೆ ಮರಳು, ಜಲ್ಲಿ ಪುಡಿ. ಅದರ ಮೇಲೆ ಚಕ್ರ ಇಡಲು ಹೆದರಿ ಬೈಕಿನವರು ಬಲಕ್ಕೆ ಸರಿಯುತ್ತಾರೆ, ಅವರಿಗೆ ಜಾಗ ಬಿಡಲು ಕಾರು ಇನ್ನಷ್ಟು ಬಲಕ್ಕೆ. ಅಷ್ಟರಲ್ಲಿ ಎಡದಿಂದ ಬಸ್ಸಿನ ಮೂತಿ ಒಳಗೆ ಬಂದಿರುತ್ತದೆ, ಯಾಕೆಂದರೆ ಬಸ್ ಸ್ಟಾಪ್ ಇರುವುದು ರ‍್ಯಾಂಪಿನ ಬಾಯಲ್ಲೇ. ಎರಡು ಲೇನ್ ಎಂದು ಕಾಗದದಲ್ಲಿ ಇರುವುದು ಆ ಹೊತ್ತಿಗೆ ಒಂದೂಕಾಲು ಲೇನ್. ಮರಳು ಗುಡಿಸಿ, ಗೆರೆ ಬಳಿದು, ಬಸ್ ಸ್ಟಾಪನ್ನು ನೂರು ಮೀಟರ್ ಸರಿಸಲು ಯಾವ ಭೂಸ್ವಾಧೀನವೂ ಬೇಡ.

ಸೇರಿಕೊಳ್ಳುವ ರೀತಿಯ ಬಗ್ಗೆಯೂ ಹೇಳಬೇಕು. ಸಾಲು ನಿಂತುನಿಂತು ಸಾಗುತ್ತಿರುವಾಗ ಎರಡೂ ಲೇನನ್ನು ಕೊನೆಯವರೆಗೂ ತುಂಬಿಸಿ, ತುದಿಯಲ್ಲಿ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ಎಂದು ಜಿಪ್ ಹಾಕಿದ ಹಾಗೆ ಸೇರುವುದೇ ಸರಿ. ಜರ್ಮನಿಯಲ್ಲಿ ಇದು ಕಾನೂನೇ ಆಗಿದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಸಾರಿಗೆ ಇಲಾಖೆಯೂ ಕಾಮಗಾರಿ ಜಾಗಗಳಲ್ಲಿ ಇದನ್ನೇ ಮಾಡಿ ಅನ್ನುತ್ತದೆ. ನಮ್ಮಲ್ಲಿ ಅರ್ಧ ಕಿಲೋಮೀಟರ್ ಮೊದಲೇ ಪಕ್ಕಕ್ಕೆ ಸರಿದುಕೊಂಡವರು, ತುದಿಯವರೆಗೂ ಹೋದವರನ್ನು ನುಗ್ಗುವವರು ಎಂದು ಬೈಯುತ್ತಾರೆ. ಖಾಲಿ ಬಿಟ್ಟ ಲೇನ್ ಸಾಲನ್ನು ಉದ್ದ ಮಾಡುತ್ತದೆ, ಹಿಂದಿನ ಜಂಕ್ಷನ್ನನ್ನು ಮುಚ್ಚುತ್ತದೆ, ಇಬ್ಬರ ವೇಗದ ವ್ಯತ್ಯಾಸದಿಂದ ಡಿಕ್ಕಿಯೂ ಆಗುತ್ತದೆ. ಆದರೆ ಗಾಡಿಗಳು 50–60ರ ವೇಗದಲ್ಲಿ ಓಡುತ್ತಿದ್ದರೆ ಜಿಪ್ ಮಾತು ಬೇಡ. ಆಗ ಇಂಡಿಕೇಟರ್ ಹಾಕಿ, ಪಕ್ಕದ ಲೇನಿನ ವೇಗಕ್ಕೆ ಹೊಂದಿಕೊಂಡು, ಸಿಕ್ಕ ಮೊದಲ ಅಂತರಕ್ಕೆ ಬೇಗ ಸೇರಿಕೊಳ್ಳಬೇಕು. ತುದಿಗೆ ಹೋಗಿ ನಿಂತು ಸೊನ್ನೆ ವೇಗದಿಂದ ಸೇರಲು ಹೊರಟರೆ ಹಿಂದಿನ ಹತ್ತು ಗಾಡಿ ಬ್ರೇಕ್ ಒತ್ತಬೇಕಾಗುತ್ತದೆ.

2025ರ ಆಗಸ್ಟ್‌ನಲ್ಲಿ ಹೆಬ್ಬಾಳದಲ್ಲಿ ಕೆ.ಆರ್. ಪುರ ಕಡೆಯಿಂದ ಮೇಖ್ರಿ ವೃತ್ತದ ಕಡೆಗೆ ಹೊಸ ಲೂಪ್ ತೆರೆದರು. ಕೆಲಸ ಒಳ್ಳೆಯದೇ, ಹಳೇ ಸೇತುವೆ ಮೇಲೆ ಎರಡು ಪ್ರವಾಹ ಗುದ್ದಾಡುವುದು ಅಷ್ಟು ತಪ್ಪಿತು. ಆದರೆ ಹೆಬ್ಬಾಳದಲ್ಲಿ ಬಿಡುಗಡೆಯಾದ ಗಾಡಿ ಆವಿಯಾಗುವುದಿಲ್ಲ. ಅವೆಲ್ಲ ಗಂಗಾನಗರ ದಾಟಿ ಮೇಖ್ರಿಗೆ ಮೊದಲಿಗಿಂತ ಬೇಗ ತಲುಪುತ್ತವೆ. ಮೇಖ್ರಿ ಆಚೆ ಬಳ್ಳಾರಿ ರಸ್ತೆ ಅರಮನೆ ಮೈದಾನದ ಗೋಡೆಯ ಪಕ್ಕ ಕಿರಿದಾಗುತ್ತದೆ. ಅಲ್ಲಿಯೂ ಜಯಮಹಲ್ ರಸ್ತೆಯಲ್ಲಿಯೂ ಅಗಲೀಕರಣಕ್ಕೆ ಬೇಕಾದ 15 ಎಕರೆ 39 ಗುಂಟೆ ಅರಮನೆ ಜಾಗದ ಟಿಡಿಆರ್ (ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಕೊಡುವ ಕಟ್ಟಡ ಹಕ್ಕು) ತಕರಾರು ಸುಪ್ರೀಂ ಕೋರ್ಟ್‌ವರೆಗೂ ಹೋಗಿ ವರ್ಷಗಟ್ಟಲೆ ಎಳೆದಿದೆ. ಒಂದು ಕಡೆ ಬಾಯಿ ದೊಡ್ಡದು ಮಾಡುವ ಮೊದಲು ಅದರ ಮುಂದಿನ ಇಕ್ಕಟ್ಟು ಎಲ್ಲಿದೆ, ಅದು ಗಂಟೆಗೆ ಎಷ್ಟು ತಾಳುತ್ತದೆ ಎಂದು ಕೇಳಲೇಬೇಕು. ಈ ಅಂಕಿಯನ್ನು ಪ್ರತಿ ಯೋಜನಾ ವರದಿಯ ಮೊದಲ ಪುಟದಲ್ಲಿ ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಿಗ್ನಲ್‌ನ ಲೆಕ್ಕ ಇದಕ್ಕಿಂತ ಕಟುವಾದದ್ದು. ಹಸಿರು ಬಿದ್ದ ಮೇಲೆ ಒಂದು ಲೇನಿನಿಂದ ಎರಡು ಸೆಕೆಂಡಿಗೆ ಒಂದು ಕಾರು ಹೊರಡುತ್ತದೆ. ಮೊದಲಿನವರು ಗೇರ್ ಹಾಕಿ ಹೊರಡುವಷ್ಟರಲ್ಲಿ ಎರಡು ಸೆಕೆಂಡ್ ಹೋಗಿರುತ್ತದೆ. 40 ಸೆಕೆಂಡ್ ಹಸಿರಿನಲ್ಲಿ ದಾಟುವುದು 19 ಕಾರು. ಎಲ್ಲ ಕಡೆಗೂ ಹಸಿರು ಸಿಕ್ಕಿ ಮತ್ತೆ ಇದೇ ಸರದಿ ಬರುವ ಇಡೀ ಸುತ್ತು 120 ಸೆಕೆಂಡ್ ಆದರೆ ಗಂಟೆಗೆ 30 ಸುತ್ತು, ಅಂದರೆ ಒಂದು ಲೇನ್‌ಗೆ 570 ಕಾರು. ಮೂರು ಲೇನ್‌ಗೆ 1710. ಸಿಗ್ನಲ್ ಇಲ್ಲದ ಒಂದೇ ಒಂದು ಲೇನ್ 1800 ಕೊಡುತ್ತಿತ್ತು! ಸ್ಟಾಪ್ ಲೈನಿಗೆ ಬಂದ ಮೇಲೆ ಆರು ಲೇನ್ ಹೆದ್ದಾರಿಯ ಒಂದು ಬದಿಯ ಮೂರು ಲೇನಿನ ಬೆಲೆ ಒಂದು ಲೇನಿಗಿಂತ ಕಡಿಮೆ. ರಸ್ತೆಗಳ ಮಾನದಂಡ ಕೊಡುವ ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಸೂತ್ರವೂ ಇದನ್ನೇ ಹೇಳುತ್ತದೆ: 5.5 ಮೀಟರ್‌ಗಿಂತ ಅಗಲದ ರಸ್ತೆಯಲ್ಲಿ ಪ್ರತಿ ಮೀಟರ್ ಅಗಲಕ್ಕೆ ಹಸಿರಿನ ಒಂದು ಗಂಟೆಗೆ 525 ಪಿಸಿಯು. ಪಿಸಿಯು ಅಂದರೆ ಎಲ್ಲ ಗಾಡಿಗಳನ್ನು ಕಾರಿನ ಅಳತೆಗೆ ತಂದ ಲೆಕ್ಕ. 10.5 ಮೀಟರ್‌ಗೆ ಸುಮಾರು 5500. ಹಸಿರು ಮೂರನೇ ಒಂದು ಪಾಲು ಮಾತ್ರ ಸಿಕ್ಕಿದರೆ ಅದು 1800ರ ಸುತ್ತಮುತ್ತಲೇ ಬಂದು ನಿಲ್ಲುತ್ತದೆ.

ಹಾಗಾಗಿ ಅಗಲ ಬೇಕಾದದ್ದು ಸ್ಟಾಪ್ ಲೈನಿನ ಹತ್ತಿರ. ಅಲ್ಲಿ ಒಂದು ಲೇನ್ ಹೆಚ್ಚಿಗೆ ಕೊಟ್ಟರೆ ಗಂಟೆಗೆ 570 ಹೆಚ್ಚು ಕಾರು ದಾಟುತ್ತವೆ. ಆದರೆ ಎಷ್ಟು ಉದ್ದ? 19 ಕಾರು ನಿಲ್ಲಬೇಕು ಅಂದರೆ 133 ಮೀಟರ್. ನಮ್ಮಲ್ಲಿ ಕಟ್ಟುವುದು 30 ಮೀಟರಿನ ಒಂದು ಉಬ್ಬು. ಅಲ್ಲಿ ನಿಲ್ಲುವುದು ನಾಲ್ಕು ಕಾರು, ಆಮೇಲೆ ಉಳಿದ ಹಸಿರೆಲ್ಲ ಆ ಲೇನ್ ಖಾಲಿ. ಇನ್ನೊಂದು ತಪ್ಪು ಜಂಕ್ಷನ್ ದಾಟಿದ ತಕ್ಷಣ ಆ ಲೇನನ್ನು ಮುಗಿಸಿಬಿಡುವುದು. ಆಚೆ ಬದಿಯಲ್ಲೂ ಅಷ್ಟೇ ಉದ್ದ ಮುಂದುವರಿಸಿ ನಿಧಾನವಾಗಿ ಸೇರಿಸದಿದ್ದರೆ, ಗಾಡಿಗಳು ಜಂಕ್ಷನ್ ನಡುಮಧ್ಯದಲ್ಲೇ ಜಾಗಕ್ಕಾಗಿ ಗುದ್ದಾಡುತ್ತವೆ.

ಇನ್ನೊಂದು ಸಣ್ಣ ಸಂಗತಿ, ಆದರೆ ನನಗೆ ಬಹಳ ಸಿಟ್ಟು ತರಿಸುವಂಥದ್ದು. ಸ್ಟಾಪ್ ಲೈನಿನಿಂದ ಹತ್ತು ಮೀಟರ್ ಮುಂದೆ ಒಂದು ಗುಂಡಿ, ಅಥವಾ ಕೇಬಲ್‌ಗಾಗಿ ಅಗೆದು ಸರಿಯಾಗಿ ಮುಚ್ಚದ ಒಂದು ಅಡ್ಡ ಕಾಲುವೆ. ಎರಡು ಸೆಕೆಂಡಿಗೊಂದು ಹೊರಡುತ್ತಿದ್ದ ಕಾರು ಎರಡೂವರೆ ಸೆಕೆಂಡಿಗೊಂದು ಆಗುತ್ತದೆ. 19ರ ಜಾಗದಲ್ಲಿ 15. ಗಂಟೆಗೆ ಒಂದು ಲೇನ್‌ಗೆ 120 ಕಾರು ನಷ್ಟ. ಒಂದೆರಡು ಚೀಲ ಟಾರ್ ಮಿಶ್ರಣದಲ್ಲಿ ಸರಿಯಾಗುವ ಕೆಲಸಕ್ಕೆ ತಿಂಗಳುಗಟ್ಟಲೆ ಸಾವಿರಾರು ಜನ ಹೊತ್ತು ಕಳೆಯುತ್ತಾರೆ. ಊರಿನ ಎಲ್ಲ ಗುಂಡಿ ಮುಚ್ಚಲು ಆಗದಿದ್ದರೆ, ಸಿಗ್ನಲ್ ಮುಂದಿನ ಐವತ್ತು ಮೀಟರಿನಲ್ಲಿರುವುದನ್ನಾದರೂ ಮೊದಲು ಮುಚ್ಚಿ.

ಸುತ್ತು ಉದ್ದ ಮಾಡಿದರೆ ಜಾಮ್ ಕರಗುತ್ತದೆ ಎಂಬ ನಂಬಿಕೆಯೂ ಬಲವಾಗಿದೆ. ನಾಲ್ಕು ಕಡೆಗೂ ಬೇರೆಬೇರೆ ಹಸಿರು ಕೊಡುವ ಜಂಕ್ಷನ್‌ನಲ್ಲಿ ಪ್ರತಿ ಬದಲಾವಣೆಗೆ ಸುಮಾರು 4 ಸೆಕೆಂಡ್‌ನಂತೆ ಸುತ್ತಿಗೆ 16 ಸೆಕೆಂಡ್ ವ್ಯರ್ಥ. 120ರ ಸುತ್ತಿನಲ್ಲಿ ಅದು ಶೇ 13. 180ಕ್ಕೆ ಏರಿಸಿದರೆ ಶೇ 9. ಗಳಿಕೆ ನೂರರಲ್ಲಿ ಬರೀ ನಾಲ್ಕು ಪಾಲು, ಅದಕ್ಕೆ ತೆರುವುದು ಕೆಂಪಿನಲ್ಲಿ ಎರಡು ನಿಮಿಷಕ್ಕೂ ಹೆಚ್ಚು ನಿಲ್ಲುವ ಶಿಕ್ಷೆ. ಅಷ್ಟು ಹೊತ್ತು ನಿಂತವರ ಸಾಲು ಹಿಂದಿನ ಜಂಕ್ಷನ್ ಮುಟ್ಟುತ್ತದೆ, ರಸ್ತೆ ದಾಟುವವರು ತಾಳ್ಮೆ ಕಳೆದುಕೊಂಡು ನುಗ್ಗುತ್ತಾರೆ. ನಿಜವಾದ ಗಳಿಕೆ ಇರುವುದು ಹಂತಗಳನ್ನು, ಅಂದರೆ ಒಂದು ಸುತ್ತಿನಲ್ಲಿ ಬೇರೆಬೇರೆಯಾಗಿ ಕೊಡುವ ಹಸಿರಿನ ಸರದಿಗಳನ್ನು, ಕಡಿಮೆ ಮಾಡುವುದರಲ್ಲಿ. ಬ್ರಿಟನ್ನಿನ ಸಂಶೋಧಕ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಚಲಾವಣೆಯಲ್ಲಿದೆ: ವ್ಯರ್ಥ ಹೊತ್ತಿನ ಒಂದೂವರೆ ಪಟ್ಟಿಗೆ ಐದು ಕೂಡಿಸಿ, ಅದನ್ನು ಒಂದರಿಂದ ಜಂಕ್ಷನ್ ಮೇಲಿನ ಭಾರದ ಪಾಲನ್ನು ಕಳೆದಾಗ ಉಳಿಯುವುದರಿಂದ ಭಾಗಿಸಿ. ಭಾರ ಅಂದರೆ ಪ್ರತಿ ಹಂತದಲ್ಲೂ ಬರುವ ಗಾಡಿ, ಹಸಿರು ಪೂರ್ತಿ ಸಿಕ್ಕರೆ ದಾಟಬಲ್ಲ ಗಾಡಿಯ ಎಷ್ಟು ಪಾಲು ಎಂದು ನೋಡಿ, ಎಲ್ಲ ಹಂತಗಳದ್ದನ್ನೂ ಕೂಡಿಸಿದ್ದು. 16 ಸೆಕೆಂಡ್ ವ್ಯರ್ಥ, ಭಾರ 0.8 ಇದ್ದರೆ ಸುತ್ತು 145 ಸೆಕೆಂಡ್. ಒಂದು ಬಲತಿರುವನ್ನು ನಿಲ್ಲಿಸಿ, ಮುಂದೆ ಯು-ತಿರುವು ಕೊಟ್ಟು, ಮೂರು ಹಂತ ಮಾಡಿ. ವ್ಯರ್ಥ 12, ಭಾರ 0.7ಕ್ಕೆ ಇಳಿದರೆ ಸುತ್ತು 77 ಸೆಕೆಂಡ್. ಕಾಯುವುದು ಅರ್ಧಕ್ಕೆ ಹತ್ತಿರ ಇಳಿಯಿತು. ಯು-ತಿರುವಿನ ಜಾಗದಲ್ಲಿ ಬಸ್ಸಿಗೆ ತಿರುಗಲು ಅಗಲ ಇರಬೇಕು, ತಿರುಗಲು ಕಾಯುವ ಗಾಡಿಗಳಿಗೆ ನಡುವೆ ಬೇರೆ ಲೇನ್ ಇರಬೇಕು. ಇಲ್ಲವಾದರೆ ಜಂಕ್ಷನ್‌ನ ಜಾಮನ್ನು ಮುನ್ನೂರು ಮೀಟರ್ ಆಚೆಗೆ ಸಾಗಿಸಿದ ಹಾಗಾಗುತ್ತದೆ.

ಭಾರ ಒಂದನ್ನು ಮುಟ್ಟಿದ ಜಂಕ್ಷನ್‌ಗೆ ಯಾವ ಸೂತ್ರವೂ ಇಲ್ಲ, ಎಷ್ಟೇ ಜಾಣ ಸಾಫ್ಟ್‌ವೇರ್ ಹಾಕಿದರೂ ಇಲ್ಲ. ಕ್ಯಾಮೆರಾದಿಂದ ಗಾಡಿ ಎಣಿಸಿ ಹಸಿರು ಹಂಚುವ ಅಡಾಪ್ಟಿವ್ ಸಿಗ್ನಲ್‌ಗಳು ಬೆಂಗಳೂರಿಗೆ ಬಂದಿವೆ. ಮಧ್ಯಾಹ್ನ, ರಾತ್ರಿ, ಭಾನುವಾರ ಅವು ತುಂಬ ಉಪಕಾರಿ, ಖಾಲಿ ರಸ್ತೆಗೆ ಹಸಿರು ಕೊಟ್ಟು ಕೂರುವುದು ತಪ್ಪುತ್ತದೆ. ನಾಲ್ಕೂ ಕಡೆ ತುಂಬಿದಾಗ ಅವುಗಳ ಕೈಯಲ್ಲೂ ಹಂಚಲು ಏನೂ ಉಳಿದಿರುವುದಿಲ್ಲ.

ಅಗಲೀಕರಣ ಪೂರ್ತಿಯಾಗಿ ಗೆದ್ದಂತೆ ಕಾಣುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಇದೇ ಕತೆ ಇದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಆರು ಮುಖ್ಯ ಲೇನ್, ಎರಡೂ ಕಡೆ ಸರ್ವೀಸ್ ರಸ್ತೆ, ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಕ್ಕೆ ಬೈಪಾಸ್. ಅಪಘಾತಗಳು ಹೆಚ್ಚಿದ ಮೇಲೆ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ನಡುವಿನ ದಾರಿ ಸಲೀಸಾಯಿತು, ನಿಜ. ಆದರೆ ಮೈಸೂರು ತುದಿಯಲ್ಲಿ ಆ ಮೂರು ಲೇನ್ ಬಂದು ನಿಂತದ್ದು ರಿಂಗ್ ರಸ್ತೆಯ ಮಣಿಪಾಲ್ ಆಸ್ಪತ್ರೆ ಜಂಕ್ಷನ್‌ನ ಕೆಂಪು ದೀಪದ ಮುಂದೆ. ಮೊದಲು ಚನ್ನಪಟ್ಟಣ, ಮಂಡ್ಯಗಳಲ್ಲಿ ಚೂರುಚೂರಾಗಿ ಕಾಯುತ್ತಿದ್ದವರು ಈಗ ಒಟ್ಟಾಗಿ ಎರಡು ತುದಿಗಳಲ್ಲಿ ಕಾಯುತ್ತಾರೆ. ಭಾನುವಾರ ಸಂಜೆ ಕೆಂಗೇರಿ ಕಡೆಯ ತುದಿ ನೋಡಿದರೆ ಸಾಕು.

ಕೆಲಸ ಮುಗಿದ ಮೇಲಿನ ಮಾತು ಇದು. ಮುಗಿಯುವವರೆಗಿನ ವರ್ಷಗಳ ಪಾಡು ನೆಲಮಂಗಲ–ತುಮಕೂರು ನಡುವೆ ದಿನವೂ ಓಡಾಡುವವರಿಗೆ ಗೊತ್ತು. ಅಲ್ಲಿ ನರಳಿಸುವುದು ಕಾಮಗಾರಿಗಿಂತ ಹೆಚ್ಚಾಗಿ ಕಾಮಗಾರಿಯ ಸುತ್ತಲಿನ ಅಶಿಸ್ತು. ಮುಖ್ಯ ರಸ್ತೆ ಮುಚ್ಚುವ ಮೊದಲು ಸರ್ವೀಸ್ ರಸ್ತೆ ಪೂರ್ತಿ ಆಗಿರಬೇಕು: ಟಾರು, ಚರಂಡಿ, ದೀಪ ಎಲ್ಲ ಸೇರಿ. ಇಂಥ ಕಡೆ ನಡೆಯುವುದು ಬೇರೆ. ನಕ್ಷೆಯಲ್ಲಿ 7 ಮೀಟರ್ ಇರುವ ಸರ್ವೀಸ್ ರಸ್ತೆಯಲ್ಲಿ ಒಂದು ಮೀಟರ್ ಚರಂಡಿ ಚಪ್ಪಡಿಗೆ ಹೋಗುತ್ತದೆ. ಚಪ್ಪಡಿ ರಸ್ತೆಗಿಂತ ಅರ್ಧ ಅಡಿ ಎತ್ತರ. ಜೋಡಿಸದೆ ಬಿಟ್ಟ ಕಡೆ ಕಬ್ಬಿಣದ ಸರಳು ಬಾಗಿ ಹೊರಗೆ ಚಾಚಿರುತ್ತದೆ. ಅದಕ್ಕೆ ಹೆದರಿ ಇನ್ನೂ ಅರ್ಧ ಮೀಟರ್ ಬಿಟ್ಟು ಓಡಿಸುತ್ತಾರೆ. ಉಳಿದದ್ದು ಐದೂವರೆ. ಬಸ್ಸಿನ ಅಗಲ ಎರಡೂವರೆ ಮೀಟರ್, ಕನ್ನಡಿ ಬೇರೆ. ಒಂದು ಲಾರಿ ಟೈರ್ ಒಡೆದು ನಿಂತರೆ ಇನ್ನೊಂದು ಲಾರಿ ಅದರ ಪಕ್ಕ ಉಸಿರು ಹಿಡಿದು ತೂರಬೇಕು. ಸರಿಸದೆ ಬಿಟ್ಟ ಒಂದು ವಿದ್ಯುತ್ ಕಂಬ ಸಾಕು, ಎರಡು ಲೇನ್ ಒಂದಾಗಲು.

ಲೇನ್ ಮುಚ್ಚುವ ರೀತಿಗೂ ಅಳತೆ ಇದೆ. 3.5 ಮೀಟರ್ ಲೇನನ್ನು ಮುಚ್ಚುವಾಗ ಓರೆಯಾಗಿ ಕೋನ್ ಇಡುವ ಉದ್ದ, ಅಮೆರಿಕದ ಕೈಪಿಡಿಯ ಸೂತ್ರದಂತೆ, 40 ಕಿ.ಮೀ. ವೇಗಕ್ಕೆ ಸುಮಾರು 36 ಮೀಟರ್, 60ಕ್ಕೆ 81, 80ಕ್ಕೆ 174. 60ರವರೆಗೆ ವೇಗದ ವರ್ಗದ ಹಾಗೆ, ಅದರಾಚೆಯ ಹೆದ್ದಾರಿ ವೇಗಗಳಲ್ಲಿ ನೇರವಾಗಿ ವೇಗದ ಜೊತೆ ಬೆಳೆಯುತ್ತದೆ, ಆದ್ದರಿಂದ ಹೆದ್ದಾರಿಯಲ್ಲಿ ಹತ್ತು ಮೀಟರಿನಲ್ಲಿ ನಾಲ್ಕು ಬ್ಯಾರಿಕೇಡ್ ಅಡ್ಡ ಇಟ್ಟರೆ ಅದು ಗೋಡೆ ಕಟ್ಟಿದ ಹಾಗೆ. ನಮ್ಮ ಐಆರ್‌ಸಿಯ ಮಾರ್ಗಸೂಚಿ ಎಸ್‌ಪಿ 55 ಕೂಡ ಕಾಮಗಾರಿ ಜಾಗವನ್ನು ಮುನ್ನೆಚ್ಚರಿಕೆ, ಓರೆ, ಕೆಲಸದ ಜಾಗ, ಮತ್ತೆ ಬಿಚ್ಚಿಕೊಳ್ಳುವ ಜಾಗ ಎಂದು ಭಾಗ ಮಾಡಿ ಹೇಳುತ್ತದೆ. ರಾತ್ರಿ ಹೊಳೆಯುವ ಪಟ್ಟಿ ಇಲ್ಲದ, ಧೂಳು ಹಿಡಿದ ಬ್ಯಾರಿಕೇಡ್ ಇವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ.

ದೂರು ಕೊಡುವಾಗ "ಇಲ್ಲಿ ತುಂಬಾ ಟ್ರಾಫಿಕ್" ಎಂದರೆ ಅದು ಎಲ್ಲಿಗೂ ಹೋಗುವುದಿಲ್ಲ. ಯಾರ ಕೆಲಸ ಎಂದು ಮೊದಲು ತಿಳಿಯಬೇಕು. ರಾಷ್ಟ್ರೀಯ ಹೆದ್ದಾರಿಯ ಕಾಮಗಾರಿ, ಬ್ಯಾರಿಕೇಡ್, ದೀಪ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ (ಎನ್‌ಎಚ್‌ಎಐ), ಸಹಾಯವಾಣಿ 1033. ಸಿಗ್ನಲ್ ಸಮಯ, ಯು-ತಿರುವು ಸಂಚಾರ ಪೊಲೀಸರಿಗೆ. ಒಳಗಿನ ರಸ್ತೆಯ ಗುಂಡಿ ಪಾಲಿಕೆಗೆ. ಹೆಬ್ಬಾಳದಂಥ ಜಾಗದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಮೆಟ್ರೊ ನಿಗಮ ಕೂಡ ಇವೆ, ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಲು ಜಾಗ ಬಿಡದಂತೆ ಬರೆಯಬೇಕು. ಕಿಲೋಮೀಟರ್ ಕಲ್ಲಿನ ಸಂಖ್ಯೆ ಅಥವಾ ಕಂಬದ ಸಂಖ್ಯೆ, ಯಾವ ದಿಕ್ಕು, ಎಡದಿಂದ ಎಷ್ಟನೇ ಲೇನ್, ಎಷ್ಟು ಗಂಟೆಗೆ, ಏನು ಬದಲಾಗಬೇಕು, ಮತ್ತು ಒಂದು ಫೋಟೊ.

ಸಿಗ್ನಲ್ ಬಗ್ಗೆ ಬರೆಯುವವರು ಮೂರು ಸುತ್ತು ಎಣಿಸಿ: ಹಸಿರು ಎಷ್ಟು ಸೆಕೆಂಡ್, ಒಂದು ಲೇನಿನಿಂದ ಎಷ್ಟು ಗಾಡಿ ದಾಟಿದವು. 40 ಸೆಕೆಂಡಿಗೆ 18–19 ಬಂದರೆ ಸ್ಟಾಪ್ ಲೈನ್ ಸರಿಯಾಗಿದೆ, ಹಸಿರು ಸಾಲದು ಅಥವಾ ಲೇನ್ ಸಾಲದು. 13–14ಕ್ಕೆ ನಿಂತರೆ ಗುಂಡಿಯೋ, ಬಸ್ ಸ್ಟಾಪೋ, ಪಾರ್ಕಿಂಗೋ ಅಡ್ಡ ಇದೆ. ಹಸಿರು ಉರಿಯುತ್ತಿದ್ದರೂ ಗಾಡಿ ಕದಲದಿದ್ದರೆ ರೋಗ ಮುಂದಿನ ಜಂಕ್ಷನ್‌ನಲ್ಲಿದೆ. ಅಂಥ ಕಡೆ ಹಸಿರು ಹೆಚ್ಚಿಸಿ ಎಂದು ಕೇಳಬೇಡಿ, ಹೆಚ್ಚಿಸಿದರೆ ನಡುವಿನ ಜಾಗ ತುಂಬಿ ಅಡ್ಡರಸ್ತೆಯವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಅಲ್ಲಿ ಕೇಳಬೇಕಾದದ್ದು ಜಂಕ್ಷನ್ ಮಧ್ಯೆ ಹಳದಿ ಚೌಕದ ಗೆರೆ, ಅದರೊಳಗೆ ನಿಂತವರಿಗೆ ದಂಡ, ಮತ್ತು ಮುಂದಿನ ಸಿಗ್ನಲ್ ಮೊದಲು ಬಿಟ್ಟು ಆಮೇಲೆ ಇದನ್ನು ಬಿಡುವಂತೆ ಎರಡರ ಸಮಯ ಹೊಂದಿಸುವುದು.